ಬೂಷ್ಟಿನ ರಾಶಿಯಿಂದ ಬ್ಯುಟನಾಲ್ ಇಂಧನ ತೆಗೆಯುವುದು ಹೇಗೆ?

ಸಿಟ್ರಿಕ್ ಆಮ್ಲದ ಕಾರ್ಖಾನೆಗಳಲ್ಲಿ ಉಳಿಯುವ ಆಸ್ಪರ್ಜಿಲ್ಲಸ್ ನೈಗರ್ ಬೂಷ್ಟನ್ನು ಹಾಗೇ ಹುದುಗಿಸಲು ಹೊರಟರೆ ಕೆಲಸ ಸಾಗದು. ಅದರ ಕೋಶಭಿತ್ತಿ ಗ್ಲೂಕನ್, ಕೈಟಿನ್ ಎಂಬ ಸಕ್ಕರೆ ಸರಪಳಿಗಳ ಗಟ್ಟಿ ಹೆಣಿಗೆ. ಒಣಗಿಸಿ ಪುಡಿಮಾಡಿ, ಶೇ. 1–2ರ ಗಂಧಕಾಮ್ಲದಲ್ಲಿ 121 ಡಿಗ್ರಿಗೆ ಬೇಯಿಸಿದರೆ ಅದು ಒಡೆದು ಸಕ್ಕರೆ ಬಿಡುತ್ತದೆ. ಕಾವು ಅತಿಯಾದರೆ ಸಕ್ಕರೆ ಕೆಟ್ಟು, ಮುಂದೆ ಹುದುಗಿಸುವ ಬ್ಯಾಕ್ಟೀರಿಯಾಕ್ಕೆ ವಿಷವಾಗುತ್ತದೆ. ತಣಿದ ಮೇಲೆ ಸುಣ್ಣದಿಂದ ಪಿಎಚ್ 6.5ರ ಹತ್ತಿರ ತಂದು ಸೋಸಿ.

ಸೋಸಿದ ದ್ರವಕ್ಕೆ ಸಾರಜನಕ ಹಾಯಿಸಿ ಆಮ್ಲಜನಕವನ್ನು ಪೂರ್ತಿ ಹೊರಹಾಕಿದ ಬಳಿಕ, 37 ಡಿಗ್ರಿಯಲ್ಲಿ ಕ್ಲಾಸ್ಟ್ರಿಡಿಯಂ ಅಸಿಟೋಬ್ಯುಟಿಲಿಕಂ ಎಂಬ ಬ್ಯಾಕ್ಟೀರಿಯಾ ಸೇರಿಸಿ. ಇದು ಮೊದಲು ಅಸಿಟಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತದೆ. ಪಿಎಚ್ 5ರ ಕೆಳಗಿಳಿದ ಮೇಲಷ್ಟೇ ಅಸಿಟೋನ್, ಬ್ಯುಟನಾಲ್, ಎಥನಾಲ್ (ಸುಮಾರು 3:6:1). ಹಲವರು ಎಡವುವುದು ಇಲ್ಲೇ: ಆಮ್ಲ ಬೇಗ ಕೂಡಿಕೊಂಡರೆ ಹುದುಗುವಿಕೆ ಅರ್ಧಕ್ಕೇ ನಿಲ್ಲುತ್ತದೆ. ತುಸು ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿಟ್ಟರೆ ತಡೆಯಬಹುದು. ಬ್ಯುಟನಾಲ್ ಲೀಟರಿಗೆ 12–13 ಗ್ರಾಂ ಮುಟ್ಟಿದರೆ ಬ್ಯಾಕ್ಟೀರಿಯಾವೇ ಸೋಲುತ್ತದೆ. ಅಷ್ಟರೊಳಗೆ ಅನಿಲ ಹಾಯಿಸಿ ಬ್ಯುಟನಾಲನ್ನು ಹೊರತೆಗೆಯುತ್ತಿರಬೇಕು.