ವಾರಕ್ಕೆ ಹನ್ನೆರಡೇ ಗಂಟೆ ಕೆಲಸ

(ಹೆಸರು, ವಯಸ್ಸು, ಸಾಲದ ಮೊತ್ತ ಎಲ್ಲ ಬದಲಿಸಿದ್ದೇನೆ.)

2023ರ ನವೆಂಬರ್. ಶಿಕಾಗೊ ಹತ್ತಿರ ನೆಲೆಸಿರುವ ಕನ್ನಡದ ಹೆಣ್ಣುಮಗಳು ನಿದ್ದೆ ಬರ್ತಿಲ್ಲ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದರು. ಶಾಲಿನಿ ಅನ್ನೋಣ. ವಯಸ್ಸು 41. ಮೂರು ಕಾಲೇಜುಗಳಲ್ಲಿ ಇಂಗ್ಲಿಷ್ ಪ್ರಬಂಧ ಬರೆಯುವುದನ್ನು ಕಲಿಸುತ್ತಾರೆ. ಮೂರರಲ್ಲೂ ಪಾರ್ಟ್ ಟೈಮ್. ನಮ್ಮೂರಲ್ಲಿ ಅತಿಥಿ ಉಪನ್ಯಾಸಕರು ಅಂತೀವಲ್ಲ, ಹೆಚ್ಚುಕಡಿಮೆ ಅದೇ ಪಾಡು.

ಮೊದಲೆರಡು ಭೇಟಿ ಅತ್ತೆ, ಮಗಳ ಮೊಬೈಲು, ಬೆನ್ನುನೋವಿನ ಮಾತಲ್ಲೇ ಕಳೆಯಿತು. ಮೂರನೇ ಸಲ ಬ್ಯಾಗಿನಿಂದ ಒಂದು ಕಟ್ಟು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಒಂದನ್ನೂ ಒಡೆದಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಇಲ್ಲಿ ಎಂ.ಎ. ಓದಲು ತೆಗೆದ, ಅಮೆರಿಕದ ಕೇಂದ್ರ ಸರ್ಕಾರದ ಸಾಲ. ಬಾಕಿ 58 ಸಾವಿರ ಡಾಲರ್.

"ಇವರಿಗೆ ಅರ್ಧ ಮಾತ್ರ ಹೇಳಿದ್ದೀನಿ ಮೇಡಂ."

"ಲಕೋಟೆ ಯಾಕೆ ಒಡೆದಿಲ್ಲ?"

"ಹೇಗೂ ಮನ್ನಾ ಆಗುತ್ತಲ್ಲ ಅಂತ."

ಅವರ ಆಸೆಗೆ ಆಧಾರ ಇರಲಿಲ್ಲ ಅನ್ನೋ ಹಾಗಿಲ್ಲ. ಪಾರ್ಟ್ ಟೈಮ್ ಅಧ್ಯಾಪಕರಿಗೂ ಸಾಲ ಮನ್ನಾ ಸಿಗಬೇಕು ಎಂಬ ಮಸೂದೆಯನ್ನು ಇಲಿನಾಯ್ ಸೆನೆಟರ್ ಡಿಕ್ ಡರ್ಬಿನ್ 2014ರಲ್ಲೇ ತಂದಿದ್ದರು. ಅದು ಕಾನೂನಾಗಲಿಲ್ಲ. 2022ರ ಆಗಸ್ಟಲ್ಲಿ ಬೈಡನ್ ಹೆಚ್ಚಿನ ಸಾಲಗಾರರಿಗೆ ಒಂದು ಮಿತಿಯವರೆಗೆ ಮನ್ನಾ ಘೋಷಿಸಿದರು. 2023ರ ಜೂನ್ 30ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಕೋವಿಡ್ ಕಾಲದಲ್ಲಿ ನಿಂತಿದ್ದ ಕಂತುಗಳು ಅಕ್ಟೋಬರಲ್ಲಿ ಮತ್ತೆ ಶುರುವಾದವು. ಶಾಲಿನಿಯ ನಿದ್ದೆ ಹೋಗಿದ್ದೂ ಅದೇ ತಿಂಗಳು.

ಇಲ್ಲಿ ನನ್ನದೊಂದು ತಪ್ಪಾಯಿತು. ದಾರಿ ಇದೆ ಅಂತ ಗೊತ್ತಿದ್ದ ಖುಷಿಯಲ್ಲಿ ಒಂದೇ ಉಸಿರಿಗೆ ಫಾರ್ಮುಗಳ ಬಗ್ಗೆ ಹೇಳಿಬಿಟ್ಟೆ. ಅವರು ತಲೆ ಆಡಿಸಿದರು, ಮುಂದಿನ ವಾರ ಬರಲೇ ಇಲ್ಲ.

ಮತ್ತೆ ಬಂದಾಗ ಸಾಲದ ಮಾತೇ ಎತ್ತಲಿಲ್ಲ. ಕೆಲಸದ ಬಗ್ಗೆ ಕೇಳಿದೆ. "ವಾರಕ್ಕೆ ಹನ್ನೆರಡೇ ಗಂಟೆ ಮೇಡಂ. ಅದನ್ನ ಕೆಲಸ ಅಂತ ಹೇಳ್ಕೊಳ್ಳೋಕೂ ನಾಚಿಕೆ." ತುಮಕೂರಿನಲ್ಲಿರುವ ಅವರ ಅಪ್ಪ ನಿವೃತ್ತ ಮೇಷ್ಟ್ರು. ಪ್ರತಿ ಭಾನುವಾರ ಫೋನಲ್ಲಿ ಅದೇ ಪ್ರಶ್ನೆ: "ಇನ್ನೂ ಪರ್ಮನೆಂಟ್ ಆಗ್ಲಿಲ್ವೇನಮ್ಮ?"

ಒಂದು ವಾರ ಡೈರಿ ಬರೆಯಿರಿ ಎಂದೆ. ಪಾಠದ ತಯಾರಿ, ಪ್ರಬಂಧ ತಿದ್ದುವುದು, ವಿದ್ಯಾರ್ಥಿಗಳ ಇಮೇಲು, ಎಲ್ಲವೂ ಅದರಲ್ಲಿ ಬರಲಿ. ಒಟ್ಟು 43 ಗಂಟೆ ಬಂತು. ಶಾಲಿನಿ ಆ ಹಾಳೆಯನ್ನು ಸುಮ್ನೆ ನೋಡುತ್ತಾ ಕೂತರು. ಲಕೋಟೆಗಳು ಬಿಚ್ಚಿಕೊಂಡಿದ್ದು ಅದಾದ ಮೇಲೆ, ಪ್ರತಿ ಭೇಟಿಗೆ ಎರಡೆರಡರಂತೆ.

ದಾರಿ ಇದು. ಸರ್ಕಾರಿ ಅಥವಾ ಲಾಭಕ್ಕಲ್ಲದ ಸಂಸ್ಥೆಯಲ್ಲಿ ಫುಲ್ ಟೈಮ್ ದುಡಿಯುತ್ತಾ 120 ತಿಂಗಳ ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ. ಇದು 2007ರ ಕಾನೂನು. ಫುಲ್ ಟೈಮ್ ಅಂದರೆ ವಾರಕ್ಕೆ ಸರಾಸರಿ 30 ಗಂಟೆ. ಪಾರ್ಟ್ ಟೈಮ್ ಅಧ್ಯಾಪಕರು ಎಡವುತ್ತಿದ್ದದ್ದೇ ಇಲ್ಲಿ. 2023ರ ಜುಲೈ 1ರಿಂದ ನಿಯಮ ಬದಲಾಯಿತು. ಕ್ಲಾಸಿನ ಒಂದು ಗಂಟೆಯನ್ನು 3.35 ಗಂಟೆ ಎಂದು ಲೆಕ್ಕ ಹಿಡಿಯಬೇಕು. ಅಂದರೆ ಆ ಡೈರಿಯಲ್ಲಿದ್ದದ್ದನ್ನು ಸರ್ಕಾರವೂ ಒಪ್ಪಿಕೊಂಡಿದೆ. ಎರಡು ಮೂರು ಕಡೆಯ ಕೆಲಸ ಕೂಡಿಸಿಯೂ ತೋರಿಸಬಹುದು.

ಶಾಲಿನಿಯ ಎರಡು ಸರ್ಕಾರಿ ಕಮ್ಯೂನಿಟಿ ಕಾಲೇಜುಗಳಲ್ಲಿ ಒಟ್ಟು 9 ಗಂಟೆ ಕ್ಲಾಸ್. 9ಕ್ಕೆ 30.15. ಕೂದಲೆಳೆಯಲ್ಲಿ ಪಾಸು! ಮೂರನೆಯದು ಲಾಭಕ್ಕೆ ನಡೆಯುವ ಖಾಸಗಿ ಕಾಲೇಜು, ಅದು ಲೆಕ್ಕಕ್ಕಿಲ್ಲ. ಆದರೆ ಶಾಲಿನಿಗೆ ಅಚ್ಚುಮೆಚ್ಚು ಅದೇ, ಯಾಕಂದ್ರೆ ಸಂಬಳ ಸ್ವಲ್ಪ ಜಾಸ್ತಿ. ಒಂದು ಕ್ಲಾಸ್ ಬಿಡಲೇಬೇಕಾಗಿ ಬಂದರೆ ಅದನ್ನೇ ಬಿಡಿ ಎಂದೆ. ಸರ್ಕಾರಿ ಕಡೆ ಮೂರು ಗಂಟೆಯ ಒಂದು ಕೋರ್ಸ್ ಹೋದರೂ ಲೆಕ್ಕ 20.1ಕ್ಕೆ ಇಳಿಯುತ್ತದೆ.

ನಾನು ಸಾಲದ ತಜ್ಞೆ ಅಲ್ಲ. ಹಾಗಾಗಿ ಮೂರೇ ವಿಷಯ ಹೇಳಿದೆ. ಸಾಲ 'ಡೈರೆಕ್ಟ್ ಲೋನ್' (ಕೇಂದ್ರ ಸರ್ಕಾರವೇ ನೇರವಾಗಿ ಕೊಟ್ಟ ಸಾಲ) ಹೌದೋ ಅಲ್ಲವೋ ಸರ್ಕಾರಿ ಜಾಲತಾಣದ ನಿಮ್ಮ ಖಾತೆಯಲ್ಲಿ ನೋಡಿ, ಕಂತನ್ನು ಆದಾಯಕ್ಕೆ ತಕ್ಕ ಯೋಜನೆಗೆ ಬದಲಿಸಿ. ಎರಡೂ ಕಾಲೇಜಿಂದ ಕೆಲಸದ ದೃಢೀಕರಣವನ್ನು ಈಗಲೇ ಪಡೆಯಿರಿ, ಹತ್ತು ವರ್ಷ ಕಾಯಬೇಡಿ, ಪ್ರತಿ ವರ್ಷ ಮಾಡಿಸಿ. ಮತ್ತೆ, ಮನೆಯಲ್ಲಿ ಪೂರ್ತಿ ಮೊತ್ತ ಹೇಳಿ. ಹೊಸ ಮಸೂದೆ ಬೇಕು ಅನ್ನಿಸಿದರೆ ಸೆನೆಟರ್ ಕಚೇರಿಗೆ ಪತ್ರ ಬರೆಯಿರಿ, ಬರೆಯಲೇಬೇಕು. ಆದರೆ ಅದು ಪಾಸಾಗಲಿ ಅಂತ ಲಕೋಟೆ ಮುಚ್ಚಿಡಬೇಡಿ.

ಕಷ್ಟವಾಗಿದ್ದು ಮೂರನೆಯದು. ಗಂಡನಿಗೆ ಸಾಲಕ್ಕಿಂತ ಮುಚ್ಚಿಟ್ಟಿದ್ದಕ್ಕೆ ಜಾಸ್ತಿ ಬೇಜಾರು. ಎರಡು ವಾರ ಮಾತು ಕಡಿಮೆ. ಆಮೇಲೆ ಒಂದು ದಿನ ಇಬ್ಬರೂ ಜೊತೆಗೆ ಬಂದು ಕೂತರು. ಆ ಕತೆ ಇಲ್ಲಿ ಬೇಡ.

ಒಂದು ಕಾಲೇಜಿನವರು ಮೊದಲು ಬರೀ ಕ್ಲಾಸಿನ ಗಂಟೆಗಳನ್ನೇ ಬರೆದು ಸಹಿ ಹಾಕಿದ್ದರು. ಶಾಲಿನಿ ನಿಯಮದ ಪುಟ ಪ್ರಿಂಟ್ ತೆಗೆದುಕೊಂಡು ಹೋಗಿ ತಿದ್ದಿಸಿ ಬಂದರು. ಆ ಭಾನುವಾರ ಅಪ್ಪ ಎಂದಿನಂತೆ ಕೇಳಿದಾಗ, "ಪರ್ಮನೆಂಟ್ ಇಲ್ಲಪ್ಪ. ಆದರೆ ವಾರಕ್ಕೆ ಮೂವತ್ತು ಗಂಟೆ ಮೇಲೇ ಕೆಲಸ. ಬರವಣಿಗೆಯಲ್ಲೇ ಇದೆ," ಅಂದರಂತೆ.