ಸೋಲಾರ್ ಫಲಕದಡಿ ಕುರಿ ಮೇಯಿಸಬಹುದೇ?

ದೊಡ್ಡಬಳ್ಳಾಪುರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ‘ನಮ್ಮ 5 ಎಕರೆ ಬೆದ್ದಲನ್ನು 1 ಮೆಗಾವಾಟ್ ಸೌರ ಘಟಕಕ್ಕೆ ಗುತ್ತಿಗೆ ಕೊಡುವ ಮಾತುಕತೆ ನಡೆದಿದೆ. ಮನೆಯಲ್ಲಿ 30 ಕುರಿ, 6 ಮೇಕೆ, 2 ಹಸು ಇವೆ. ಫಲಕಗಳ ಕೆಳಗೆ ಇವನ್ನು ಮೇಯಿಸಬಹುದೇ?’

ಸಂಪಾದಕರ ಉತ್ತರ: ಕುರಿ ಮೇಯಿಸಬಹುದು. ಮೇಕೆ ಬೇಡವೇ ಬೇಡ. ಮುಂಗಾಲೆತ್ತಿ ಚೌಕಟ್ಟು ಹತ್ತುತ್ತದೆ, ಕೇಬಲ್ ಕಚ್ಚುತ್ತದೆ. ಹಸು ಮೈ ತುರಿಸಿಕೊಳ್ಳಲು ಕಂಬಕ್ಕೆ ಒರಗುತ್ತದೆ. ಹಸು ಓಡಾಡಬೇಕೆಂದರೆ ಫಲಕದ ಕೆಳ ಅಂಚು ಸುಮಾರು 8 ಅಡಿ ಮೇಲಿರಬೇಕು, ಆಗ ಉಕ್ಕಿನ ಖರ್ಚು ಏರುತ್ತದೆ. ಕುರಿಗೆ 3 ಅಡಿ ಸಾಕು.

ಈ 3 ಅಡಿಯನ್ನು ಕರಾರಿನಲ್ಲೇ ಬರೆಸಿ. ಕಂಬಕ್ಕೆ ಕಾಂಕ್ರೀಟ್ ಬಿದ್ದಮೇಲೆ ಯಾರೂ ಎತ್ತರಿಸಿಕೊಡುವುದಿಲ್ಲ. ಮೇಯಿಸುವ ಹಕ್ಕು, ಹಾನಿಯಾದರೆ ಹೊಣೆ ಯಾರದು, ಕಳೆನಾಶಕ ಸಿಂಪಡಿಸುವ ಮುನ್ನ ತಿಳಿಸಬೇಕೆಂಬ ಷರತ್ತು, ಇವೂ ಸೇರಲಿ. ಪಾವಗಡದಲ್ಲಿ ಸುಮಾರು 13,000 ಎಕರೆ ಸೌರ ಪಾರ್ಕ್‌ಗೆ ಹೋದಾಗ ಜಮೀನಿದ್ದವರಿಗೆ ವರ್ಷಕ್ಕೆ ಎಕರೆಗೆ 21,000 ರೂಪಾಯಿ ಬಾಡಿಗೆ ನಿಗದಿಯಾಯಿತು. ಕುರಿ ಕಾಯುವವರು ಮಾತ್ರ ಹುಲ್ಲುಗಾವಲು ಕಳೆದುಕೊಂಡರು. ನಿಮಗೆ ಹಾಗಾಗುವುದು ಬೇಡ.

ಹೆಚ್ಚು ಕಣ್ಣಿಡಬೇಕಾದ್ದು ವೈರಿನ ಮೇಲೆ. ಫಲಕದ ಬೆನ್ನಿಗೆ ವೈರು ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಪೆಡಸಾಗಿ ತುಂಡಾಗುತ್ತದೆ, ವೈರು ಕುಣಿಕೆಯಂತೆ ಜೋತುಬೀಳುತ್ತದೆ. ಮರಿಯ ಕತ್ತು ಅದಕ್ಕೆ ಸಿಕ್ಕಿ ಎಳೆದರೆ ಕನೆಕ್ಟರ್ ಸಡಿಲವಾಗಿ ಕಿಡಿ ಹಾರಬಹುದು. ಹಗಲಿನಲ್ಲಿ ಇನ್ವರ್ಟರ್ ಆರಿಸಿದರೂ ಫಲಕದ ಸಾಲಿನಲ್ಲಿ ಕರೆಂಟು ಇದ್ದೇ ಇರುತ್ತದೆ; ದೊಡ್ಡ ಘಟಕಗಳಲ್ಲಿ ಅದು 1,500 ವೋಲ್ಟ್‌ವರೆಗೂ ಇರುತ್ತದೆ. ಆದ್ದರಿಂದ ಸ್ಟೀಲ್ ಕ್ಲಿಪ್ಪು ಕೇಳಿ. ನೆಲದಿಂದ 4 ಅಡಿವರೆಗಿನ ವೈರೆಲ್ಲ ಪೈಪಿನೊಳಗಿರಲಿ, ಇನ್ವರ್ಟರ್, ಟ್ರಾನ್ಸ್‌ಫಾರ್ಮರ್ ಸುತ್ತ ಬೇಲಿ ಇರಲಿ. ಕೆಲಸದವರು ಬಿಟ್ಟುಹೋದ ನಟ್ಟು, ಪಟ್ಟಿ ಚೂರು, ತಾಮ್ರದ ತಂತಿ ಆಯ್ದು ತೆಗೆಯದೆ ಕುರಿ ಬಿಡಬೇಡಿ.

ಮೇವಿಗೆ ಕುಳ್ಳಗೆ ಬೆಳೆಯುವ ಸ್ಟೈಲೋ ಹೆಮಾಟಾ ಎಂಬ ದ್ವಿದಳ ಮೇವಿನ ಗಿಡ ಒಳ್ಳೆಯದು. ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ 4 ನಿಮಿಷ ಅದ್ದಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಮುಂಗಾರಿನ ಹದದಲ್ಲಿ ಚೆಲ್ಲಿ. ನೇಪಿಯರ್, ಗಿನಿ ಹುಲ್ಲು ಫಲಕಕ್ಕೇ ನೆರಳು ಹಾಕುತ್ತವೆ. ಕಾಂಗ್ರೆಸ್ ಗಿಡ, ಲಂಟಾನ ಎರಡೂ ವಿಷ, ಹೂ ಬಿಡುವ ಮುನ್ನ ಕಿತ್ತುಹಾಕಿ. ಫಲಕದ ಕೆಳ ಅಂಚಿನಿಂದ ಮಳೆನೀರು ಒಂದೇ ಗೆರೆಯಲ್ಲಿ ಸುರಿದು ಮಣ್ಣು ಕೊರೆಯುತ್ತದೆ, ಅಲ್ಲಿ ಗರಿಕೆ ನಾಟಿ ಮಾಡಿ.

30 ಕುರಿಗೆ ವರ್ಷಪೂರ್ತಿ ಈ ಮಳೆಯಾಶ್ರಿತ 5 ಎಕರೆ ಸಾಲದು. ಜುಲೈನಿಂದ ಡಿಸೆಂಬರ್‌ವರೆಗೆ ಮೇಯಿಸಿ. ಜಾಗವನ್ನು 4 ಭಾಗ ಮಾಡಿ, ಒಂದೊಂದರಲ್ಲಿ ವಾರ. ಹುಲ್ಲು 3 ಅಂಗುಲಕ್ಕೆ ಇಳಿದರೆ ವಾರ ತುಂಬದಿದ್ದರೂ ಮುಂದಿನದಕ್ಕೆ ಹೊಡೆಯಿರಿ. ಹೊಸತೊಡಕಿಗೆ ಬೆಂಗಳೂರಿನಲ್ಲಿ ಮಾಂಸಕ್ಕೆ ಗಿರಾಕಿ ಹೆಚ್ಚು, ಟಗರು ಮರಿಗಳನ್ನು ಆಗ ಮಾರಿದರೆ ಬೇಸಿಗೆಗೆ ಮಂದೆ ಹಗುರಾಗುತ್ತದೆ. ಫಲಕದ ನೆರಳಲ್ಲಿ ತೇವ ಆರದೆ ಹುಲ್ಲಿನ ಮೇಲಿನ ಜಂತುಹುಳುವಿನ ಮರಿಗಳು ಹೆಚ್ಚು ದಿನ ಬದುಕುತ್ತವೆ. ಇಬ್ಬನಿ ಆರಿದ ಮೇಲೆ ಕುರಿ ಬಿಡಿ, ಮಳೆಗಾಲದ ಮುಂಚೆ ಜಂತಿನ ಔಷಧಿ, ಕರುಳುಬೇನೆ ಲಸಿಕೆ ಎರಡನ್ನೂ ಪಶುವೈದ್ಯರಿಂದ ಮಾಡಿಸಿ. ನೀರಿನ ತೊಟ್ಟಿ ಸಾಲಿನ ಹೊರಗಿರಲಿ. ಫಲಕ ತೊಳೆದ ಸೋಪಿನ ನೀರು ಅದಕ್ಕೆ ಹರಿಯಬಾರದು.