ಯಾವ ಕೋರ್ಟು, ಯಾರ ಮೇಲೆ ಕೇಸು?

ನಮಸ್ಕಾರ. ದೇಶದ ಸಾರ್ವಭೌಮತ್ವ ಮತ್ತು ನೆದರ್ಲೆಂಡ್ಸ್‌ನ ಹೇಗ್ ನಗರದ ಕೋರ್ಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಸಿಟ್ಟೂ ನಿಜವಾದದ್ದೇ. ಆದರೆ ಹೀಗೇ ಅಚ್ಚು ಹಾಕಲು ಆಗುವುದಿಲ್ಲ.

ಎರಡನೇ ಪ್ಯಾರಾ ನೋಡಿ. ‘ಜಾಧವ್ ಅವರ ಗಲ್ಲು ತಡೆದ ಕೋರ್ಟೇ ಈಗ ಪುಟಿನ್‌ಗೆ ವಾರಂಟ್ ಕೊಟ್ಟಿದೆ’ ಅಂದಿದ್ದೀರಿ. ಅವು ಎರಡು ಬೇರೆ ಬೇರೆ ಕೋರ್ಟು; ಎರಡೂ ಇರುವುದು ಹೇಗ್‌ನಲ್ಲಿ, ಅಷ್ಟೇ. ಪಾಕಿಸ್ತಾನ ಗಲ್ಲು ಶಿಕ್ಷೆ ವಿಧಿಸಿದ ಭಾರತೀಯ ಕುಲಭೂಷಣ್ ಜಾಧವ್ ವಿಷಯದಲ್ಲಿ 2019ರಲ್ಲಿ ತೀರ್ಪು ಕೊಟ್ಟಿದ್ದು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯ. ಅಲ್ಲಿ ದೇಶದ ಮೇಲೆ ದೇಶ ದಾವೆ ಹೂಡುತ್ತದೆ. 2023ರಲ್ಲಿ ಪುಟಿನ್‌ಗೆ ವಾರಂಟ್ ಹೊರಡಿಸಿದ್ದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಅಲ್ಲಿ ಕಟಕಟೆಗೆ ಬರುವುದು ದೇಶವಲ್ಲ, ಆಸಾಮಿ.

ನಾನು ತುಮಕೂರಿನಲ್ಲಿ ಕೋರ್ಟ್ ವರದಿ ಬರೆಯಲು ಶುರು ಮಾಡಿದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಕಾಪಿ ಕೈಗಿಟ್ಟರೆ ಓದುತ್ತಲೇ ಇರಲಿಲ್ಲ. ‘ಯಾವ ಕೋರ್ಟಪ್ಪಾ? ಯಾರು ಯಾರ ಮೇಲೆ ಹಾಕಿರೋದು? ಮೇಲ್ಗಡೆ ಬರಿ’ ಅನ್ನುತ್ತಿದ್ದರು. ಗುಬ್ಬಿ ಕಡೆಯ ಬದುವಿನ ತಕರಾರಾದರೂ ಬಿಡುತ್ತಿರಲಿಲ್ಲ. ಆ ಚಾಳಿ ನನಗೂ ಅಂಟಿದೆ, ಏನ್ಮಾಡೋದು.

ಮುಂದಿನ ಸಾಲು: ‘ನಾವು ಸಹಿ ಹಾಕಿಲ್ಲ, ಹಾಗಾಗಿ ಅವರು ನಮ್ಮ ತಂಟೆಗೆ ಬರುವಂತಿಲ್ಲ.’ ಅರ್ಧ ಸರಿ. ಈ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ ರೋಮ್ ಒಪ್ಪಂದ 1998ರಲ್ಲಿ ಮತಕ್ಕೆ ಬಂದಾಗ ಭಾರತ ತಟಸ್ಥವಾಗಿತ್ತು, ಆಮೇಲೂ ಸೇರಲಿಲ್ಲ. ಆದರೆ ಅಪರಾಧ ಸದಸ್ಯ ದೇಶದ ನೆಲದಲ್ಲಿ ನಡೆದರೆ ಆರೋಪಿ ಎಲ್ಲಿಯವನು ಅನ್ನುವುದು ಅಡ್ಡ ಬರುವುದಿಲ್ಲ. ಮ್ಯಾನ್ಮಾರ್ ಸದಸ್ಯ ಅಲ್ಲ, ಬಾಂಗ್ಲಾದೇಶ ಸದಸ್ಯ. ರೋಹಿಂಗ್ಯಾ ಜನರನ್ನು ಗಡಿ ದಾಟಿಸಿ ಓಡಿಸಿದ ಆರೋಪ ತನ್ನ ವ್ಯಾಪ್ತಿಗೆ ಬರುತ್ತದೆ ಎಂದು ಕೋರ್ಟು 2018ರಲ್ಲಿ ಹೇಳಿತು.

ಇನ್ನೊಂದು ದಾರಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯದು. ಸುಡಾನ್ ಸದಸ್ಯ ಆಗಿರದಿದ್ದರೂ 2005ರಲ್ಲಿ ಅಲ್ಲಿನ ದಾರ್ಫುರ್ ಪ್ರಾಂತ್ಯದ ಹತ್ಯಾಕಾಂಡದ ವಿಷಯವನ್ನು ಮಂಡಳಿಯೇ ಆ ಕೋರ್ಟಿಗೆ ಕಳಿಸಿತು. ಮಂಡಳಿಯಲ್ಲಿ ಕಾಯಂ ಕುಳಿತಿರುವ ಅಮೆರಿಕ, ರಷ್ಯಾ, ಚೀನಾ ತಾವು ಒಳಗೆ ಬರುವುದಿಲ್ಲ, ಬೇರೆಯವರನ್ನು ಮಾತ್ರ ಕಳಿಸಬಹುದು! ಮಂಡಳಿಗೆ ಈ ಅಧಿಕಾರ ಬೇಡ ಎಂದೂ ಭಾರತ ರೋಮ್‌ನಲ್ಲಿ ತಕರಾರು ತೆಗೆದಿತ್ತು. ನಿಮ್ಮ ಸಿಟ್ಟಿಗೆ ಸರಿಯಾದ ಕಾರಣ ಇದೇ ಅಲ್ವಾ? ಅದನ್ನು ಬಿಟ್ಟು ‘ಬಿಳಿಯರ ಪಿತೂರಿ’ ಅಂತ ಸುಮ್ನೆ ಎರಡು ಪುಟ ತುಂಬಿಸಿದ್ದೀರಿ.

ಆ ಎರಡು ಪುಟ ತೆಗೆಯಿರಿ. ಒಂದು ದೇಶ ತನ್ನ ಆರೋಪಿಯನ್ನು ತಾನೇ ನೆಟ್ಟಗೆ ವಿಚಾರಣೆ ಮಾಡಿದರೆ ಈ ಕೋರ್ಟು ಕೈ ಹಾಕುವಂತಿಲ್ಲ. ಆ ನಿಯಮ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ, ಅದನ್ನು ಸೇರಿಸಿ ಮತ್ತೆ ಕಳಿಸಿ. ಕೊನೆಯಲ್ಲಿರುವ ಕವನ ಬೇಡ. ನಮ್ಮಲ್ಲಿ ಈಗಾಗಲೇ ಜಾಸ್ತಿ ಇವೆ.